ಪಕ್ಕವಾದ್ಯದವರ ಹೆಸರು ಹೇಳದ ಸಂಗೀತ

ಪರೀಕ್ಷೆಗೆ ಓದಿಕೊಳ್ಳುತ್ತಿದ್ದ ಮಗಳ ಕೋಣೆಯಿಂದ ಒಂದು ರಾತ್ರಿ ಟ್ರಂಪೆಟ್ಟಿನ ದನಿ ಕೇಳಿಸಿತು. ಬಹಳ ಮೆದುವಾದ, ಎಲ್ಲೋ ನಾಲ್ಕು ಮನೆಯಾಚೆಯ ಕಿಟಕಿಯಿಂದ ತೇಲಿ ಬಂದಂತಿದ್ದ ದನಿ. ಅದರ ಕೆಳಗೆ ಅವಸರವಿಲ್ಲದೆ ನಡೆಯುವ ಡ್ರಮ್, ಸವೆದ ಗ್ರಾಮಫೋನ್ ತಟ್ಟೆಯ ಚಿಟಪಟ ಸದ್ದು. ಬಾಗಿಲಲ್ಲಿ ನಿಂತು, 'ಯಾರು ಪುಟ್ಟಿ ಅದು, ನುಡಿಸ್ತಾ ಇರೋದು?' ಎಂದು ಕೇಳಿದೆ. ಪುಸ್ತಕದಿಂದ ತಲೆಯೆತ್ತದೆ, 'ಯಾರೂ ಇಲ್ಲಪ್ಪ, ಅದು ಲೋ-ಫೈ' ಎಂದಳು.

ಅದು ಉಡಾಫೆಯ ಉತ್ತರವಾಗಿರಲಿಲ್ಲ. ತನಗೆ ತಿಳಿದದ್ದನ್ನು ಪ್ರಾಮಾಣಿಕವಾಗಿಯೇ ಹೇಳಿದ್ದಳು. ಆ ಸಂಗೀತ ಅವಳಿಗೆ ಕೋಣೆಯ ಫ್ಯಾನಿನ ಹಾಗೆ. ತಿರುಗುತ್ತಿದ್ದರೆ ಹಿತ, ನಿಂತಾಗ ಮಾತ್ರ ಗಮನಕ್ಕೆ ಬರುತ್ತದೆ. ಆದರೆ ನಾನು ಕೇಳಿಸಿಕೊಂಡದ್ದು ಟ್ರಂಪೆಟ್. ಅದು ತನ್ನಷ್ಟಕ್ಕೆ ಊದಿಕೊಳ್ಳುವ ವಾದ್ಯವಲ್ಲ. ಯಾವುದೋ ಊರಿನ ಯಾವುದೋ ಕೋಣೆಯಲ್ಲಿ ಒಬ್ಬ ಮನುಷ್ಯ ಉಸಿರು ಕಟ್ಟಿ ಅದನ್ನು ಊದಿರಬೇಕು. ಇಲ್ಲವೇ ಅಂಥ ಸಾವಿರಾರು ಮನುಷ್ಯರ ಉಸಿರನ್ನು ಕಲಿತ ಯಂತ್ರವೊಂದು ಅದನ್ನು ಹೆಣೆದಿರಬೇಕು. ಎರಡರಲ್ಲಿ ಯಾವುದು ನಿಜವಾದರೂ 'ಯಾರೂ ಇಲ್ಲ' ಎಂಬ ಮಾತು ಸುಳ್ಳಾಗುತ್ತದೆ. ವಾದಕನ ಹೆಸರಿನಿಂದಲೇ ಗುರುತಿಸಿಕೊಳ್ಳುತ್ತಿದ್ದ ಜಾಝ್ ಸಂಗೀತ ಅರ್ಧ ಶತಮಾನದಲ್ಲಿ 'ಯಾರೂ ಇಲ್ಲ'ದ ಸಂಗೀತವಾದದ್ದು ಹೇಗೆ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಲೋ-ಫೈ ಎಂಬುದು ಇತ್ತೀಚಿನ ಹೆಸರು. ಅದರ ಹಿಂದಿನ ತಲೆಮಾರನ್ನು ಟ್ರಿಪ್-ಹಾಪ್ ಎಂದರು, ಆಸಿಡ್ ಜಾಝ್ ಎಂದರು, ಹೋಟೆಲಿನವರು ಲೌಂಜ್ ಎಂದರು. ಎಲ್ಲಕ್ಕೂ ಸಲ್ಲುವ ಹೆಸರು ಡೌನ್‌ಟೆಂಪೊ. ಅದು ರಾಗದ ಹೆಸರಲ್ಲ, ಪಂಥದ ಹೆಸರೂ ಅಲ್ಲ. ಕೇವಲ ಕಾಲಪ್ರಮಾಣದ ಹೆಸರು. ಕುಣಿತದ ಸಂಗೀತ ನಿಮಿಷಕ್ಕೆ 120 ಪೆಟ್ಟುಗಳ ಆಸುಪಾಸಿನಲ್ಲಿ ಓಡಿದರೆ ಇದು 70ರಿಂದ 100ರೊಳಗೆ ನಡೆಯುತ್ತದೆ. ನಮ್ಮವರು ಚೌಕಕಾಲ ಎಂದು ಗೌರವದಿಂದ ಹೇಳುವುದನ್ನೇ ಅವರು 'ಇಳಿಸಿದ ವೇಗ' ಎಂದರು ಎನ್ನಬಹುದು. ಹೋಲಿಕೆಯನ್ನು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಚೌಕಕಾಲದಲ್ಲಿ ಹಾಡುವವನಿಗೂ ಕೇಳುವವನಿಗೂ ತಪ್ಪಿಸಿಕೊಳ್ಳಲು ಜಾಗವಿರುವುದಿಲ್ಲ. ಡೌನ್‌ಟೆಂಪೊ ಹುಟ್ಟಿದ್ದೇ ತಪ್ಪಿಸಿಕೊಳ್ಳುವುದಕ್ಕೆ ಒಂದು ಜಾಗವಾಗಿ.

ಅದರ ಮುಖ್ಯ ತವರು ಇಂಗ್ಲೆಂಡಿನ ಬ್ರಿಸ್ಟಲ್. ಒಂದು ಕಾಲಕ್ಕೆ ಗುಲಾಮರ ವ್ಯಾಪಾರದಿಂದ ಕೊಬ್ಬಿದ ಬಂದರು, ಮುಂದೆ ಜಮೈಕಾದಿಂದ ಬಂದ ಕುಟುಂಬಗಳು ನೆಲೆಸಿದ ಊರು. ದೊಡ್ಡ ಧ್ವನಿವರ್ಧಕಗಳನ್ನು ಕಟ್ಟಿಕೊಂಡು ಬೀದಿಯಲ್ಲಿ, ಗೋದಾಮಿನಲ್ಲಿ ತಟ್ಟೆ ಹಾಕುವ ಜಮೈಕಾದ ಪದ್ಧತಿ ಅಲ್ಲಿ ಬೇರೂರಿತು. ಆ ವಾತಾವರಣದಿಂದ ಬಂದ 'ಮ್ಯಾಸಿವ್ ಅಟ್ಯಾಕ್' ತಂಡದ ಮೊದಲ ಆಲ್ಬಂ 'ಬ್ಲೂ ಲೈನ್ಸ್' 1991ರಲ್ಲಿ ಹೊರಬಂತು. ಅದರ ಮೊದಲ ಹಾಡಿನ ಬೆನ್ನೆಲುಬಾಗಿ ನಿಂತಿರುವ ಬಾಸ್ ಮತ್ತು ಡ್ರಮ್ ಜಾಝ್ ಡ್ರಮ್ಮರ್ ಬಿಲ್ಲಿ ಕಾಬಮ್ 1973ರಲ್ಲಿ ಹೊರತಂದ 'ಸ್ಟ್ರೇಟಸ್' ಎಂಬ ಕೃತಿಯವು. ಮೂರು ವರ್ಷಗಳ ನಂತರ ಬಂದ 'ಪೋರ್ಟಿಸ್‌ಹೆಡ್' ತಂಡದ 'ಡಮ್ಮಿ' ಎಂಬ ಆಲ್ಬಮ್ಮಿನಲ್ಲಿ ಲಾಲೊ ಶಿಫ್ರಿನ್ ಇದ್ದಾರೆ, ವೆದರ್ ರಿಪೋರ್ಟ್ ತಂಡವಿದೆ. ಶಿಫ್ರಿನ್ ಎಂದರೆ ಒಂದು ಕಾಲಕ್ಕೆ ಡಿಜ್ಜಿ ಗಿಲೆಸ್ಪಿಗೆ ಪಿಯಾನೊ ನುಡಿಸಿದವರು. ಪೋರ್ಟಿಸ್‌ಹೆಡ್‌ನವರದ್ದು ಇನ್ನೂ ಒಂದು ವಿಚಿತ್ರವಿತ್ತು. ತಾವೇ ನುಡಿಸಿದ್ದನ್ನು ತಟ್ಟೆಗೆ ಅಚ್ಚು ಹಾಕಿಸಿ, ಆ ತಟ್ಟೆಯನ್ನು ಬೇಕೆಂದೇ ಸವೆಸಿ, ಅದರಿಂದ ತಿರುಗಿ ಕತ್ತರಿಸಿಕೊಳ್ಳುತ್ತಿದ್ದರು. ಹೊಸದನ್ನು ಹಳೆಯದರಂತೆ ಕಾಣಿಸುವ ಈ ಹಂಬಲವೇ ಇಂದು ನನ್ನ ಮಗಳ ಕೋಣೆಯಲ್ಲಿ ಚಿಟಪಟ ಸದ್ದಾಗಿ ಉಳಿದಿದೆ. ಅವಳು ತಟ್ಟೆಯನ್ನೇ ನೋಡಿಲ್ಲ. ಅದರ ಗೀರುಗಳು ಮಾತ್ರ ಅವಳಿಗೆ ಆಪ್ತ.

ಇದನ್ನೆಲ್ಲ ಜಾಝ್‌ನ ಅಧಃಪತನ ಎಂದು ಗೊಣಗುವ ಶುದ್ಧಾಚಾರಿಗಳಿದ್ದಾರೆ. ಕತ್ತರಿ ಹಿಡಿದು ಸಂಗೀತ ಮಾಡುವುದು ಸಂಗೀತವೇ ಎಂಬುದು ಅವರ ಪ್ರಶ್ನೆ. ನಾನು ಆ ಪಕ್ಷದವನಲ್ಲ. ಮೈಲ್ಸ್ ಡೇವಿಸ್ 1969ರ ಫೆಬ್ರುವರಿಯಲ್ಲಿ ಒಂದೇ ದಿನ ಧ್ವನಿಮುದ್ರಿಸಿದ 'ಇನ್ ಎ ಸೈಲೆಂಟ್ ವೇ' ಎಂಬ ಆಲ್ಬಂ ಕೇಳಿದವರಿಗೆ ಒಂದು ವಿಷಯ ಗೊತ್ತಿರುತ್ತದೆ. ಅದರ ಎರಡನೆಯ ಬದಿಯ ಕೊನೆಯಲ್ಲಿ ಬರುವ ಭಾಗ ಹೊಸದಾಗಿ ನುಡಿಸಿದ್ದಲ್ಲ. ಆರಂಭದ ಭಾಗದ ಟೇಪನ್ನೇ ಪ್ರತಿ ಮಾಡಿ ನಿರ್ಮಾಪಕ ಟಿಯೊ ಮಸೇರೊ ಅಂಟಿಸಿದ್ದು. ಗಂಟೆಗಟ್ಟಲೆ ನುಡಿಸಿದ್ದನ್ನು ಬ್ಲೇಡಿನಿಂದ ಕತ್ತರಿಸಿ ರೂಪ ಕೊಟ್ಟ ಆ ಆಲ್ಬಂ ನನ್ನ ಲೆಕ್ಕದಲ್ಲಿ ಡೌನ್‌ಟೆಂಪೊದ ಮೂಲಪುರುಷ. ಇಪ್ಪತ್ತಮೂರರ ಹರೆಯದ ಟೋನಿ ವಿಲಿಯಮ್ಸ್ ಅದರಲ್ಲಿ ತನ್ನ ಕೈಚಳಕವನ್ನೆಲ್ಲ ಅದುಮಿಟ್ಟುಕೊಂಡು ಬಹುಪಾಲು ಕಂಚಿನ ತಟ್ಟೆಯ ಮೇಲೆ ಒಂದೇ ಸಮನೆ ಕಾಲ ಹಾಕುತ್ತಾರೆ. ಇಂಗ್ಲೆಂಡಿನಿಂದ ಆಗಷ್ಟೇ ಬಂದಿಳಿದಿದ್ದ ಜಾನ್ ಮೆಕ್‌ಲಾಫ್ಲಿನ್ ಗಿಟಾರಿನಲ್ಲಿದ್ದಾರೆ. ಮುಂದೆ ಕಾಬಮ್ ಅವರನ್ನು ಕೂಡಿಕೊಂಡು 'ಮಹಾವಿಷ್ಣು ಆರ್ಕೆಸ್ಟ್ರಾ' ಕಟ್ಟಿದ, ಆಮೇಲೆ ಜಾಕಿರ್ ಹುಸೇನ್, ಎಲ್. ಶಂಕರ್, ವಿಕ್ಕು ವಿನಾಯಕರಾಂ ಅವರೊಡನೆ 'ಶಕ್ತಿ'ಯನ್ನು ಕಟ್ಟಿದ ಅದೇ ಮೆಕ್‌ಲಾಫ್ಲಿನ್. ಒಂದು ಘಟದ ಸದ್ದಿನಿಂದ ಬ್ರಿಸ್ಟಲ್‌ನ ಬಾಸ್‌ನವರೆಗೆ ಎಳೆ ಹಿಡಿದು ನಡೆದುಹೋಗಬಹುದು, ಪ್ರತಿಯೊಂದು ಗಂಟಿನಲ್ಲಿಯೂ ಒಬ್ಬ ಮನುಷ್ಯನ ಹೆಸರಿದೆ. ನನ್ನ ತಕರಾರು ಕತ್ತರಿಯ ಮೇಲಲ್ಲ. ಕತ್ತರಿಸಿದ ಮೇಲೆ ಆ ಹೆಸರುಗಳಿಗೆ ಏನಾಯಿತು ಎಂಬುದರ ಮೇಲೆ.

ಆರಂಭದಲ್ಲಿ ಬಹಳ ಒಳ್ಳೆಯದೇ ಆಯಿತು. ಲಂಡನ್ನಿನ 'ಅಸ್3' ತಂಡಕ್ಕೆ ಬ್ಲೂ ನೋಟ್ ಕಂಪನಿ ತನ್ನ ಹಳೆಯ ಧ್ವನಿಮುದ್ರಣಗಳ ಉಗ್ರಾಣವನ್ನೇ ತೆರೆದುಕೊಟ್ಟಿತು. ಹರ್ಬಿ ಹ್ಯಾನ್‌ಕಾಕ್ 1964ರಲ್ಲಿ ಮುದ್ರಿಸಿದ 'ಕ್ಯಾಂಟಲೂಪ್ ಐಲೆಂಡ್' ಕೃತಿಯ ಪಿಯಾನೊದ ಮೇಲೆ ಅವರು ಕಟ್ಟಿದ ಹಾಡು ಜಗತ್ತೆಲ್ಲ ಸುತ್ತಿತು. 1993ರ ಆ ಆಲ್ಬಂ ಅಮೆರಿಕದಲ್ಲಿ ಪ್ಲಾಟಿನಂ ಮಟ್ಟ ಮುಟ್ಟಿತು. ಐದು ದಶಕಗಳ ಬ್ಲೂ ನೋಟ್ ಚರಿತ್ರೆಯಲ್ಲಿ ಅದೇ ಮೊದಲು. ಅಷ್ಟು ಕಾಲ ಜಾಝ್‌ನ ಮಹಾಮಹಿಮರೆಲ್ಲ ನುಡಿಸಿದ್ದು ಮುಟ್ಟದ ಮಟ್ಟವನ್ನು ಅವರ ತುಣುಕುಗಳು ಮುಟ್ಟಿದವು. ಹ್ಯಾನ್‌ಕಾಕ್ ರಚನಕಾರರಾದ್ದರಿಂದ ಅವರಿಗೆ ಹೆಸರೂ ಬಂತು, ಹಣವೂ ಬಂತು. ಆದರೆ ಆ ಮೂಲ ಕೃತಿಯಲ್ಲಿ ಡ್ರಮ್ ನುಡಿಸಿದವರು ಅದೇ ಟೋನಿ ವಿಲಿಯಮ್ಸ್. ಆಗ ಅವರಿಗೆ ಹದಿನೆಂಟು ವರ್ಷ. ಬಾಸ್ ರಾನ್ ಕಾರ್ಟರ್, ಕಾರ್ನೆಟ್ ಫ್ರೆಡ್ಡಿ ಹಬರ್ಡ್. ಅವರು ರಚನಕಾರರಲ್ಲ. 'ಸ್ಟ್ರೇಟಸ್'ನದೂ ಇದೇ ಕಥೆ. ಮ್ಯಾಸಿವ್ ಅಟ್ಯಾಕ್ ಹಾಡಿನ ರಚನಕಾರರ ಸಾಲಿನಲ್ಲಿ ಕಾಬಮ್ ಹೆಸರಿದೆ. ಹಾಡನ್ನು ಹೊತ್ತು ನಿಂತ ಆ ಬಾಸ್ ನುಡಿಸಿದ ಲೀಲ್ಯಾಂಡ್ ಸ್ಕ್ಲಾರ್ ಹೆಸರು ಆ ಸಾಲಿನಲ್ಲಿಲ್ಲ. ಕಾನೂನಿಗೆ ರಚನೆ ಬೇರೆ, ನುಡಿಸಾಣಿಕೆ ಬೇರೆ. ಜಾಝ್‌ನಲ್ಲಾಗಲಿ ನಮ್ಮ ಸಂಗೀತದಲ್ಲಾಗಲಿ ಈ ಗೆರೆಯನ್ನು ಎಳೆಯುವುದು ಎಷ್ಟು ಕಷ್ಟವೆಂದು ಕಛೇರಿ ಕೇಳುವವರೆಲ್ಲರಿಗೂ ಗೊತ್ತು.

ಹೆಸರು ಹೋಗುವುದಕ್ಕಿಂತ ಸೂಕ್ಷ್ಮವಾದ ನಷ್ಟವೊಂದಿದೆ, ಅರ್ಥ ಹೋಗುವುದು. ಫ್ರಾನ್ಸಿನ 'ಸೇಂಟ್ ಜರ್ಮೇನ್' ಅವರ 'ರೋಸ್ ರೂಜ್' 2000ರ ಇಸವಿಯಿಂದೀಚೆಗೆ ಜಗತ್ತಿನ ಎಷ್ಟು ಹೋಟೆಲುಗಳ ಲಾಬಿಯಲ್ಲಿ ಮೊಳಗಿದೆಯೋ ಹೇಳಲಾಗದು. ನಮ್ಮ ಎಂ.ಜಿ. ರಸ್ತೆಯ ಆಸುಪಾಸಿನಲ್ಲಿಯೂ ನಾನದನ್ನು ಎಷ್ಟೋ ಸಲ ಕೇಳಿದ್ದೇನೆ. ಅದರ ತಾಳ ಡೇವ್ ಬ್ರೂಬೆಕ್ ತಂಡದ 'ಟೇಕ್ ಫೈವ್'ನಿಂದ ತೆಗೆದದ್ದು. ಅದರಲ್ಲಿ ಮತ್ತೆ ಮತ್ತೆ ಬರುವ ಹೆಣ್ಣುದನಿ ಮಾರ್ಲೀನಾ ಶಾ ಅವರದು. 1973ರಲ್ಲಿ ಸ್ವಿಟ್ಜರ್ಲೆಂಡಿನ ಮಾಂಟ್ರೊ ಉತ್ಸವದಲ್ಲಿ ಅವರು 'ವುಮನ್ ಆಫ್ ದ ಗೆಟ್ಟೊ' ಹಾಡುವಾಗ ಸಭಿಕರನ್ನು ಹುರಿದುಂಬಿಸಲು ಆಡಿದ ಮಾತುಗಳವು. ಆ ಹಾಡು ಕರಿಯರ ಕೊಳೆಗೇರಿಯ ತಾಯೊಬ್ಬಳು ಅಧಿಕಾರಸ್ಥರಿಗೆ ಹಾಕುವ ನೇರ ಪ್ರಶ್ನೆ. ಪ್ರಶ್ನೆಯನ್ನು ಬಿಟ್ಟು, ಹುರಿದುಂಬಿಸುವ ಮಾತನ್ನಷ್ಟೇ ಕತ್ತರಿಸಿಕೊಂಡು ಸುತ್ತಿಸಿದರೆ ಅದು ತಣ್ಣನೆಯ ಪಾನೀಯಕ್ಕೆ ಒಪ್ಪುವ ಹಿನ್ನೆಲೆಯಾಗುತ್ತದೆ. 'ರೋಸ್ ರೂಜ್' ಚೆನ್ನಾಗಿಲ್ಲವೆಂದು ನಾನು ಹೇಳುತ್ತಿಲ್ಲ. ಅದು ಬಹಳ ಚೆನ್ನಾಗಿದೆ, ತೊಂದರೆ ಇರುವುದೇ ಅಲ್ಲಿ. ಮಾರ್ಲೀನಾ ಶಾ 2024ರ ಜನವರಿಯಲ್ಲಿ ತೀರಿಕೊಂಡಾಗ, ಅವರ ದನಿಯನ್ನು ಇಪ್ಪತ್ತು ವರ್ಷ ಕೇಳಿದ್ದವರಲ್ಲಿ ಎಷ್ಟೋ ಮಂದಿಗೆ ತಾವು ಕೇಳುತ್ತಿದ್ದದ್ದು ಅವರನ್ನೇ ಎಂದು ಗೊತ್ತಿದ್ದಿರಲಾರದು.

ಈ ಇಡೀ ವಿಷಯದ ತಿರುಳು ನನಗೆ ಕಂಡದ್ದು ಒಂದು ನ್ಯಾಯಾಲಯದ ತೀರ್ಪಿನಲ್ಲಿ. ಜೇಮ್ಸ್ ನ್ಯೂಟನ್ ಎಂಬ ಆಫ್ರಿಕನ್-ಅಮೆರಿಕನ್ ಜಾಝ್ ಕೊಳಲುವಾದಕರು 1978ರಲ್ಲಿ 'ಕ್ವಾಯರ್' ಎಂಬ ಕೃತಿ ರಚಿಸಿದರು. ಅರ್ಕಾನ್ಸಾ ರಾಜ್ಯದ ಹಳ್ಳಿಯ ಚರ್ಚೊಂದರಲ್ಲಿ ನಾಲ್ವರು ಹೆಂಗಸರು ಹಾಡುತ್ತಿದ್ದುದು ಅವರ ಮೊಟ್ಟಮೊದಲ ಸಂಗೀತದ ನೆನಪು. ಆ ನಾಲ್ವರನ್ನು ಒಂದೇ ಕೊಳಲಿನಲ್ಲಿ ತರುವುದಕ್ಕಾಗಿ ಅವರು ಊದುತ್ತಲೇ ಒಳಗಿನಿಂದ ಹಾಡುವ ವಿಧಾನವನ್ನು ಹಿಡಿದರು. ಊದಿದ ಸ್ವರ, ಹಾಡಿದ ಸ್ವರ ಸೇರಿದಾಗ ಎರಡೂ ಅಲ್ಲದ ಮೂರನೆಯ, ನಾಲ್ಕನೆಯ ಸ್ವರಗಳು ಏಳುತ್ತವೆ. 1981ರಲ್ಲಿ ಜರ್ಮನಿಯ ಇಸಿಎಂ ಕಂಪನಿಗಾಗಿ ಇದರ ಧ್ವನಿಮುದ್ರಣವಾಯಿತು. 1992ರಲ್ಲಿ 'ಬೀಸ್ಟಿ ಬಾಯ್ಸ್' ಎಂಬ ರ್‍ಯಾಪ್ ತಂಡದವರು ಅದರ ಮೊದಲ ಆರು ಸೆಕೆಂಡುಗಳನ್ನು ಕತ್ತರಿಸಿಕೊಂಡು ತಮ್ಮ ಹಾಡಿನಲ್ಲಿ ನಲವತ್ತಕ್ಕೂ ಹೆಚ್ಚು ಬಾರಿ ಬಳಸಿದರು. ಧ್ವನಿಮುದ್ರಣದ ಒಡೆತನವಿದ್ದ ಕಂಪನಿಗೆ 1,000 ಡಾಲರ್ ಕೊಟ್ಟು ಅನುಮತಿಯನ್ನೂ ಪಡೆದರು. ರಚನಕಾರ ನ್ಯೂಟನ್ ಅವರನ್ನು ಮಾತ್ರ ಕೇಳಲಿಲ್ಲ.

2000ದಲ್ಲಿ ನ್ಯೂಟನ್ ಮೊಕದ್ದಮೆ ಹೂಡಿದರು, ಸೋತರು. 2003ರಲ್ಲಿ ಮೇಲ್ಮನವಿ ನ್ಯಾಯಾಲಯವೂ ಬಹುಮತದಿಂದ ಸೋಲನ್ನು ಎತ್ತಿಹಿಡಿಯಿತು. ಅದರ ತರ್ಕ ಹೀಗೆ: ಧ್ವನಿಮುದ್ರಣಕ್ಕೆ ಅನುಮತಿ ಇದೆ. ಆದ್ದರಿಂದ ಅದರಲ್ಲಿ ನುಡಿಸಾಣಿಕೆಯ ವಿಶೇಷ ಏನೇನಿದೆಯೋ ಅದನ್ನೆಲ್ಲ ಪಕ್ಕಕ್ಕಿಡಬೇಕು. ಉಳಿಯುವುದು ಕಾಗದದ ಮೇಲೆ ಬರೆದ ಸ್ವರಲಿಪಿ. ಆ ಲಿಪಿಯಲ್ಲಿ ಇರುವುದು ಹಿಡಿದ ಒಂದು ಸ್ವರದ ಮೇಲೆ ಮೂರೇ ಮೂರು ಸ್ವರ. ಇಷ್ಟನ್ನು ತೆಗೆದುಕೊಂಡರೆ ಅದು ಗಣನೆಗೆ ಬಾರದಷ್ಟು ಅಲ್ಪ. ಪೀಠದಲ್ಲಿದ್ದ ನ್ಯಾಯಾಧೀಶೆ ಸೂಸನ್ ಗ್ರೇಬರ್ ಇದನ್ನು ಒಪ್ಪದೆ ಭಿನ್ನ ತೀರ್ಪು ಬರೆದರು.

ಆ ಮೂರು ಸ್ವರ ಯಾವುವು? ನಮ್ಮ ಲೆಕ್ಕದಲ್ಲಿ ಹೇಳುವುದಾದರೆ, ನಿಂತ ಷಡ್ಜದ ಮೇಲೆ ಷಡ್ಜ, ಶುದ್ಧ ರಿಷಭ, ಮತ್ತೆ ಷಡ್ಜ. ಸರಳೆ ವರಸೆಗೆ ಕೂತ ಮಗುವಿಗೂ ಬರುವ ಸ-ರಿ-ಸ. ಬರೆದದ್ದನ್ನಷ್ಟೇ ನೋಡಿದರೆ ನ್ಯಾಯಾಲಯ ಹೇಳಿದ್ದು ಸರಿಯೇ. ಆದರೆ ಗೌಳದ ರಿಷಭವನ್ನು, ಮಾಯಾಮಾಳವಗೌಳದ ರಿಷಭವನ್ನು ಲಿಪಿಯಲ್ಲಿ ಒಂದೇ ಅಕ್ಷರದಿಂದ ಬರೆಯುತ್ತೇವೆ. ಅವೆರಡೂ ಒಂದೇ ಎಂದು ಯಾರಾದರೂ ವಿದ್ವಾಂಸರ ಎದುರು ಹೇಳಿ ನೋಡಿ! ಗಮಕವನ್ನೆಲ್ಲ ಸೋಸಿ ತೆಗೆದ ಮೇಲೆ ಉಳಿಯುವ ಸ್ವರಗಳ ಪಟ್ಟಿಯೇ ರಾಗ ಎನ್ನುವುದಾದರೆ ನಮ್ಮ ಸಂಗೀತವೆಲ್ಲ 'ಗಣನೆಗೆ ಬಾರದಷ್ಟು ಅಲ್ಪ'ವೇ. ಲಿಪಿ ನಮ್ಮಲ್ಲಿ ನೆನಪಿನ ಊರುಗೋಲು, ಅಷ್ಟೆ. ಕೃತಿ ಇರುವುದು ಕೊರಳಿನಲ್ಲಿ. ಜಾಝ್‌ನ ಸ್ಥಿತಿಯೂ ಅದೇ. ಕಾಗದವನ್ನು ಮುಖ್ಯವೆಂದು ತಿಳಿದ ಯೂರೋಪಿನ ಸಂಗೀತಕ್ಕಾಗಿ ಹೊಲಿದ ಅಂಗಿಯನ್ನು ಉಸಿರನ್ನು ಮುಖ್ಯವೆಂದು ತಿಳಿದವರ ಸಂಗೀತಕ್ಕೆ ತೊಡಿಸಿದರೆ ಮೈಯ ಅರ್ಧ ಹೊರಗೇ ಉಳಿಯುತ್ತದೆ. ಹಾಗೆ ಹೊರಗುಳಿದ ಅರ್ಧದಿಂದಲೇ ಡೌನ್‌ಟೆಂಪೊದ ದೊಡ್ಡ ಪಾಲು ಕಟ್ಟಿರುವುದು. ಆ ಸಂಗೀತಕ್ಕೆ ಬೇಕಾದದ್ದು ಯಾರದೋ ರಾಗರಚನೆಯಲ್ಲ; ಒಬ್ಬ ನಿರ್ದಿಷ್ಟ ಡ್ರಮ್ಮರ್ ಒಂದು ನಿರ್ದಿಷ್ಟ ಮಧ್ಯಾಹ್ನ ಕೋಲನ್ನು ಇಳಿಸಿದ ರೀತಿ.

ಕತ್ತರಿ ಮತ್ತು ಕೈ ಒಂದರಿಂದ ಒಂದು ಕಲಿತ ಉದಾಹರಣೆಗಳೂ ಇವೆ, ಅವನ್ನು ಹೇಳದಿದ್ದರೆ ತಪ್ಪಾಗುತ್ತದೆ. ಡೆಟ್ರಾಯ್ಟ್‌ನ ಜೇಮ್ಸ್ ಯಾನ್ಸಿ, ಜೆ ಡಿಲ್ಲಾ ಎಂದು ಹೆಸರಾದವರು, ತಾಳಯಂತ್ರ ನುಡಿಸುತ್ತಿದ್ದರು. ನುಡಿಸುತ್ತಿದ್ದರು ಎಂದೇ ಹೇಳಬೇಕು. ಆ ಯಂತ್ರದಲ್ಲಿ, ಬೆರಳು ಸ್ವಲ್ಪ ಹಿಂದೆಮುಂದೆ ಬಿದ್ದರೂ ಪೆಟ್ಟನ್ನು ಸರಿಯಾದ ಜಾಗಕ್ಕೆ ಎಳೆದು ಕೂರಿಸುವ ವ್ಯವಸ್ಥೆಯೊಂದಿರುತ್ತದೆ. ಡಿಲ್ಲಾ ಅದನ್ನು ಪೂರ್ತಿಯಾಗಿ ನೆಚ್ಚಲಿಲ್ಲ. ಒಂದು ಪೆಟ್ಟು ನೇರ, ಇನ್ನೊಂದು ಕೂದಲೆಳೆಯಷ್ಟು ಮುಂಚೆ, ಮತ್ತೊಂದು ಕೊಂಚ ತಡ. ಎಡವುತ್ತ ಎಡವುತ್ತ ಬೀಳದೆ ನಡೆಯುವ ಲಯ. ಅತೀತ, ಅನಾಗತ ಎಂಬ ಮಾತುಗಳು ನಮಗೆ ಹೊಸವಲ್ಲ; ಆದರೆ ಇಲ್ಲಿರುವುದು ಎಡುಪಿನ ಪ್ರಶ್ನೆಯಲ್ಲ, ಒಂದೊಂದು ಪೆಟ್ಟಿನ ಪ್ರಶ್ನೆ. ತಮ್ಮ 32ನೆಯ ಹುಟ್ಟುಹಬ್ಬದಂದು, 2006ರ ಫೆಬ್ರುವರಿ 7ರಂದು, 'ಡೋನಟ್ಸ್' ಆಲ್ಬಂ ಬಿಡುಗಡೆಯಾದ ಮೂರೇ ದಿನಕ್ಕೆ ಅವರು ತೀರಿಕೊಂಡರು. ಅಷ್ಟರಲ್ಲಿ ಒಂದು ತಲೆಮಾರಿನ ಜಾಝ್ ಡ್ರಮ್ಮರುಗಳು ಆ ಎಡವುವಿಕೆಯನ್ನು ನಿಜವಾದ ಡ್ರಮ್ಮಿನ ಮೇಲೆ ಸಾಧನೆ ಮಾಡಿ ಕಲಿಯತೊಡಗಿದ್ದರು. ಪಿಯಾನೊ ವಾದಕ ರಾಬರ್ಟ್ ಗ್ಲಾಸ್ಪರ್ ಅವರ 2012ರ 'ಬ್ಲ್ಯಾಕ್ ರೇಡಿಯೊ' ಅದರ ಫಲ. ಶಿಕಾಗೊದ ಡ್ರಮ್ಮರ್ ಮಕಾಯಾ ಮೆಕ್‌ಕ್ರೇವನ್ ಇನ್ನೂ ಒಂದು ಹೆಜ್ಜೆ ಹೋದರು. ಗೆಳೆಯರೊಡನೆ ಸಭಿಕರೆದುರು ಮನೋಧರ್ಮದಿಂದ ನುಡಿಸಿದ್ದನ್ನು ಮನೆಗೆ ಒಯ್ದು ತಾವೇ ಕತ್ತರಿಸಿ, ಸುತ್ತಿಸಿ, ಹೊಸ ಕೃತಿಗಳನ್ನು ಮಾಡಿದರು. 2015ರ 'ಇನ್ ದ ಮೊಮೆಂಟ್' ಹಾಗೆ ಹುಟ್ಟಿತು. ಕತ್ತರಿಸಿದವರು ಯಾರು, ಕತ್ತರಿಸಿಕೊಂಡವರು ಯಾರು ಎಂಬ ಗೊಂದಲ ಅಲ್ಲಿಲ್ಲ. ಎಲ್ಲರ ಹೆಸರೂ ಹೊದಿಕೆಯ ಮೇಲಿದೆ.

ಈಗ ಮಗಳ ಕೋಣೆಗೆ ಮರಳೋಣ. ಜಪಾನಿನ ನುಜಾಬೆಸ್, ಅಮೆರಿಕದ ಡಿಲ್ಲಾ ಇವರಿಬ್ಬರ ಛಾಯೆಯಲ್ಲಿ ಬೆಳೆದ ಮೆದು ಸಂಗೀತಕ್ಕೆ 2010ರ ದಶಕದ ನಡುವಿನಿಂದ ಲೋ-ಫೈ ಎಂಬ ಹೆಸರು ಅಂಟಿತು. ಕಿಟಕಿಯ ಬಳಿ ಕುಳಿತು ಬರೆಯುತ್ತಲೇ ಇರುವ ಹುಡುಗಿಯ ಚಿತ್ರದೊಂದಿಗೆ ಹಗಲಿರುಳು ಹರಿಯುವ ಯೂಟ್ಯೂಬ್ ವಾಹಿನಿಯನ್ನು ಓದುವ ಮಕ್ಕಳಿರುವ ಮನೆಯವರೆಲ್ಲ ನೋಡಿರುತ್ತಾರೆ. ಇದರಲ್ಲಿ ಪ್ರೀತಿಯಿಂದ ದುಡಿಯುವ ಎಳೆಯರು ಸಾವಿರಾರು ಮಂದಿ ಇದ್ದಾರೆ. ಅವರ ಬಗ್ಗೆ ನನ್ನ ದೂರಿಲ್ಲ. ಆದರೆ ಹೆಸರು ಮುಖ್ಯವಲ್ಲದ ಕಡೆ ಹೆಸರಿನ ವ್ಯಾಪಾರವೂ ಶುರುವಾಗುತ್ತದೆ. ಸ್ವೀಡನ್ನಿನ 'ಡಾಗೆನ್ಸ್ ನೂಹೆಟರ್' ಪತ್ರಿಕೆ 2022ರಲ್ಲಿ ವರದಿ ಮಾಡಿದ ಪ್ರಕಾರ, ಸ್ಪಾಟಿಫೈನಲ್ಲಿ 500ಕ್ಕೂ ಹೆಚ್ಚು 'ಕಲಾವಿದರ' ಹೆಸರುಗಳ ಹಿಂದೆ ಇದ್ದವರು ಸುಮಾರು 20 ಮಂದಿ. ಸುಳ್ಳು ಕಲಾವಿದರನ್ನು ತಾನು ಸೃಷ್ಟಿಸಿಲ್ಲವೆಂದು ಆ ಕಂಪನಿ 2017ರಲ್ಲೇ ಹೇಳಿತ್ತು. ಪತ್ರಕರ್ತೆ ಲಿಜ್ ಪೆಲ್ಲಿ 'ಹಾರ್ಪರ್ಸ್' ಪತ್ರಿಕೆಯ 2025ರ ಜನವರಿ ಸಂಚಿಕೆಯಲ್ಲಿ, ಅದೇ ವರ್ಷ ಬಂದ ತಮ್ಮ 'ಮೂಡ್ ಮಷೀನ್' ಪುಸ್ತಕದಲ್ಲಿ ಇದರ ಒಳಗನ್ನು ಬಿಡಿಸಿಟ್ಟರು. ಜಾಝ್, ಲೋ-ಫೈ, ಆಂಬಿಯೆಂಟ್ ಪಟ್ಟಿಗಳನ್ನು ತುಂಬುವುದಕ್ಕಾಗಿಯೇ ಕಡಿಮೆ ಖರ್ಚಿನ ಸಂಗೀತವನ್ನು ಗುತ್ತಿಗೆಗೆ ಮಾಡಿಸುವ ಕಂಪನಿಗಳಿವೆ. ಸಂಗೀತಗಾರರಿಗೆ ಒಮ್ಮೆ ಇಂತಿಷ್ಟು ಹಣ; ಮುದ್ರಣದ ಒಡೆತನ ಕಂಪನಿಯದು. ಹಾಗೆ ದುಡಿದ ಜಾಝ್ ವಾದಕರೊಬ್ಬರು, ಹೆಸರು ಹೇಳದೆ, ಆಕೆಗೆ ತಿಳಿಸಿದ್ದು ಇದು: ಸೋಫಾದ ಮೇಲೆ ಮಲಗಿಕೊಂಡೇ ಬರೆಯುವುದು, ಒಂದೆರಡು ಗಂಟೆಯಲ್ಲಿ ಹದಿನೈದು ಮುಗಿಸುವುದು, ಮೇಲಿನಿಂದ ಬರುವ ಸೂಚನೆ ಸಾಮಾನ್ಯವಾಗಿ ಒಂದೇ, ಇನ್ನೂ ಸರಳವಾಗಿ ನುಡಿಸಿ ಎಂದು.

ಇದನ್ನು ಓದಿದಾಗ ನನಗೆ ಬಂದದ್ದು ಸಿಟ್ಟಲ್ಲ, ಸಂಕಟ. ವರ್ಷಗಟ್ಟಲೆ ಸಾಧನೆ ಮಾಡಿದ ಕೈಗೆ, ನಿನ್ನ ಸಾಧನೆ ಕಾಣಿಸದಂತೆ ನುಡಿಸು ಎಂಬ ಅಪ್ಪಣೆ. ಟೋನಿ ವಿಲಿಯಮ್ಸ್ ಕೈಯನ್ನು ಅದುಮಿಟ್ಟದ್ದು ಕೃತಿಗಾಗಿ; ಈ ವಾದಕರು ಅದುಮಿಡಬೇಕಾದದ್ದು ಯಾರೂ ತಲೆಯೆತ್ತಿ ನೋಡಬಾರದೆಂದು. ಅದರ ಮುಂದಿನ ಹೆಜ್ಜೆಯನ್ನು ಊಹಿಸಲು ಜಾಣತನ ಬೇಕಿಲ್ಲ. ಹಾಗೆ ನುಡಿಸಬಲ್ಲ ಯಂತ್ರ ಬಂದಿದೆ. ಫ್ರಾನ್ಸಿನ ಡೀಸರ್ ಕಂಪನಿ 2025ರ ಏಪ್ರಿಲ್‌ನಲ್ಲಿ, ತನ್ನಲ್ಲಿಗೆ ದಿನನಿತ್ಯ ಬಂದು ಸೇರುವ ಹಾಡುಗಳಲ್ಲಿ ನೂರಕ್ಕೆ 18, ಅಂದರೆ 20,000ಕ್ಕೂ ಮಿಕ್ಕಿ, ಪೂರ್ತಿಯಾಗಿ ಯಂತ್ರದಿಂದ ತಯಾರಾದವು ಎಂದು ಪ್ರಕಟಿಸಿತು. ಅದೇ ನವೆಂಬರ್ ಹೊತ್ತಿಗೆ ಆ ಸಂಖ್ಯೆ 50,000. ಇತ್ತ ಸ್ಪಾಟಿಫೈ 2024ರಿಂದ ಜಾರಿಗೆ ತಂದ ನಿಯಮದ ಪ್ರಕಾರ, ಹಿಂದಿನ ಹನ್ನೆರಡು ತಿಂಗಳಲ್ಲಿ ಕನಿಷ್ಠ 1,000 ಬಾರಿ ಕೇಳಿಸಿಕೊಳ್ಳದ ಧ್ವನಿಮುದ್ರಣಕ್ಕೆ ರಾಯಲ್ಟಿ ಇಲ್ಲ. ಪುಟ್ಟ ಊರಿನಲ್ಲಿ ಕುಳಿತು ಸ್ವಂತ ದನಿ ಹುಡುಕುವ ವಾದಕನಿಗೆ ಎರಡೂ ಕಡೆಯಿಂದ ಬಾಗಿಲು ಹಾಕಿದಂತಾಯಿತು.

ಹಿನ್ನೆಲೆಯ ಸಂಗೀತ ಯಾವಾಗ ಇರಲಿಲ್ಲ ಹೇಳಿ ಎಂದು ಗೆಳೆಯರೊಬ್ಬರು ಕೇಳಿದರು. ಬೀಸುವ ಪದ, ಕುಟ್ಟುವ ಪದ, ಜೋಗುಳ ಎಲ್ಲವೂ ಕೆಲಸದ ಜೊತೆಗಿನವೇ ಅಲ್ಲವೇ ಎಂದರು. ಹೌದು. ಆದರೆ ಅಲ್ಲಿ ಬೀಸುವವಳೇ ಹಾಡುವವಳು, ಹೆಸರು ಕೇಳುವ ಅಗತ್ಯವೇ ಇರಲಿಲ್ಲ. ಅವರ ಎರಡನೆಯ ಉದಾಹರಣೆ ನನ್ನನ್ನು ನಿಜಕ್ಕೂ ಕಟ್ಟಿಹಾಕಿತು. ನಮ್ಮ ಮದುವೆಮನೆಯ ವಾಲಗ. ಪೆಂಡಾಲಿನ ಮೂಲೆಯಲ್ಲಿ ಕುಳಿತು ನಾಲ್ಕು ತಾಸು ನಾಗಸ್ವರ ಊದುವ ವಿದ್ವಾಂಸರ ಹೆಸರನ್ನು ಊಟದ ಪಂಕ್ತಿಯಲ್ಲಿ ಎಷ್ಟು ಮಂದಿ ಕೇಳುತ್ತೇವೆ? ಗಟ್ಟಿಮೇಳಕ್ಕೆ ಕೈಸನ್ನೆ ಮಾಡುವುದಷ್ಟೇ ನಮಗೆ ಗೊತ್ತು. 'ಯಾರೂ ಇಲ್ಲಪ್ಪ' ಎಂಬ ಉತ್ತರವನ್ನು ನನ್ನ ಮಗಳಿಗೆ ಕಲಿಸಿದ್ದು ಕಂಪ್ಯೂಟರು ಒಂದೇ ಅಲ್ಲ.

ಅದೇ ನಾಗಸ್ವರವನ್ನು ಮಲೇಶಿಯಾದಲ್ಲಿ ಕೇಳಿ ಮರುಳಾಗಿ, ದಕ್ಷಿಣ ಭಾರತಕ್ಕೆ ಬಂದು ಕಲಿತವರು ಬಾಸ್ಟನ್ನಿನ ಚಾರ್ಲಿ ಮರಿಯಾನೊ. ಚಾರ್ಲ್ಸ್ ಮಿಂಗಸ್ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸಿದ ದೊಡ್ಡ ವಾದಕರು. ಬೆಂಗಳೂರಿನ ಕರ್ನಾಟಕ ತಾಳವಾದ್ಯ ಕಾಲೇಜಿನ ತಂಡದೊಡನೆ ಅವರು ಮಾಡಿದ 'ಜ್ಯೋತಿ' ಎಂಬ ಆಲ್ಬಮ್ಮನ್ನು ಇಸಿಎಂ 1983ರಲ್ಲಿ ಹೊರತಂದಿತು. ನ್ಯೂಟನ್ ಅವರ ಕೊಳಲನ್ನು ಮುದ್ರಿಸಿದ, ಮುಂದೆ ಅದರ ಆರು ಸೆಕೆಂಡನ್ನು ಸಾವಿರ ಡಾಲರಿಗೆ ಕೊಟ್ಟ ಅದೇ ಕಂಪನಿ. 'ಜ್ಯೋತಿ'ಯ ವೇಗವೂ ಬಹುಪಾಲು ನಿಧಾನದ್ದೇ. ರಾತ್ರಿ ದೀಪವಾರಿಸಿ ಕೇಳಬಹುದಾದ ಸಂಗೀತ. ಇಂದಿನ ಯಾವ ಲೋ-ಫೈ ಪಟ್ಟಿಗೂ ಸುಮ್ಮನೆ ಸೇರಿಸಿಬಿಡಬಹುದು. ಆದರೆ ಹಾಡುತ್ತಿರುವವರು ಆರ್. ಎ. ರಾಮಮಣಿ, ಮೃದಂಗ ಟಿ. ಎ. ಎಸ್. ಮಣಿ, ಘಟ ಆರ್. ಎ. ರಾಜಗೋಪಾಲ್, ಖಂಜಿರ ಟಿ. ಎನ್. ಶಶಿಕುಮಾರ್ ಎಂದು ಹೊದಿಕೆಯೇ ಹೇಳುತ್ತದೆ.

ನಾವು ಇದನ್ನು ಕಲಿತದ್ದು ಆಕಾಶವಾಣಿಯಿಂದ. ಕಛೇರಿಗೆ ಮೊದಲು ಒಮ್ಮೆ, ಮುಗಿದ ಮೇಲೆ ಇನ್ನೊಮ್ಮೆ, ಪಿಟೀಲು ಯಾರು, ಮೃದಂಗ ಯಾರು, ಘಟ ಯಾರು ಎಂದು ಉದ್ಘೋಷಕರು ಓದುತ್ತಿದ್ದರು. ಅಡುಗೆಮನೆಯಲ್ಲಿ ಒಗ್ಗರಣೆಯ ಸದ್ದಿನ ನಡುವೆ ಕೇಳಿದ ಆ ಹೆಸರುಗಳು ನನಗೆ ಇನ್ನೂ ನೆನಪಿವೆ. ಕೇಳುತ್ತಿದ್ದದ್ದು ಅರೆಗಿವಿಯಿಂದಲೇ, ಆದರೂ ಹೆಸರು ಬಂದು ಕೂರುತ್ತಿತ್ತು. ಹಿನ್ನೆಲೆಯಾಗಿ ಕೇಳುವುದಕ್ಕೂ ಹೆಸರಿಲ್ಲದೆ ಕೇಳುವುದಕ್ಕೂ ವ್ಯತ್ಯಾಸವಿದೆ ಎಂದು ನಾನು ಗೆಳೆಯರಿಗೆ ಕೊನೆಗೆ ಹೇಳಿದ್ದು ಇಷ್ಟನ್ನೇ.

ಇದು ಬರೀ ಸೌಜನ್ಯದ ಮಾತೂ ಅಲ್ಲ. ನಮ್ಮ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿಸಿದ 38ಬಿ ಕಲಮು, ತನ್ನ ಪ್ರದರ್ಶನಕ್ಕೆ ತನ್ನ ಹೆಸರು ಹೇಳಿಸಿಕೊಳ್ಳುವ ಹಕ್ಕನ್ನು ಕಲಾವಿದನಿಗೆ ಕೊಡುತ್ತದೆ. ರಚನಕಾರನಿಗಲ್ಲ, ನುಡಿಸಿದವನಿಗೆ. ನ್ಯೂಟನ್ ಅವರಿಗೆ ತಮ್ಮ ದೇಶದಲ್ಲಿ ಸಿಗದಿದ್ದ ರಕ್ಷಣೆ ಅದು. ಅದರಲ್ಲಿಯೇ ಒಂದು ಹಿತ್ತಿಲ ಬಾಗಿಲೂ ಇದೆ: ಬಳಕೆಯ ರೀತಿಯಿಂದಾಗಿ ಹೆಸರು ಬಿಡಬೇಕಾಗಿ ಬಂದರೆ ಬಿಡಬಹುದು. ಮದುವೆಮನೆಗೋ ಲಿಫ್ಟಿಗೋ ಆ ವಿನಾಯಿತಿ ಸಲ್ಲಬಹುದು. ಅಂಗೈಯಗಲದ ಪರದೆಯ ಮೇಲೆ ಹಾಡಿನ ಚಿತ್ರ, ಅವಧಿ, ಜಾಹೀರಾತು ಎಲ್ಲಕ್ಕೂ ಜಾಗವಿರುವ ಕಡೆ ವಾದಕರ ಹೆಸರಿಗೆ ಮಾತ್ರ ಜಾಗವಿಲ್ಲ ಎಂಬ ವಾದ ಹೇಗೆ ನಿಲ್ಲುತ್ತದೆ? ಭಾರತದಲ್ಲಿ ವ್ಯಾಪಾರ ಮಾಡುವ ಸಂಗೀತ ಸೇವೆಗಳು ಪ್ರತಿ ಧ್ವನಿಮುದ್ರಣಕ್ಕೂ ವಾದ್ಯ, ವಾದಕ ಎರಡನ್ನೂ ತೋರಿಸಬೇಕು, ಯಂತ್ರದಿಂದ ತಯಾರಾದದ್ದಾದರೆ ಹಾಗೆಂದು ಬರೆಯಬೇಕು ಎಂದು ಸರ್ಕಾರ ನಿಯಮ ಮಾಡುವುದು ಅಸಾಧ್ಯವೇನಲ್ಲ. ಸಂಗೀತ ಅಕಾಡೆಮಿಗಳು, ಗಾನಸಭೆಗಳು ಇದನ್ನು ಕೇಳಬೇಕು. ಲೋ-ಫೈನಲ್ಲಿ ಇಂದು ಆಗಿರುವುದು ನಾಳೆ ವೀಣೆಗೆ, ಕೊಳಲಿಗೆ ಆಗುತ್ತದೆ. ಧ್ಯಾನಕ್ಕೆ, ನಿದ್ದೆಗೆ ಎಂದು ತಯಾರಾದ ಪಟ್ಟಿಗಳಲ್ಲಿ ಹೆಸರಿಲ್ಲದ ಕೊಳಲನ್ನು ನಾನಾಗಲೇ ಬೇಕಾದಷ್ಟು ಕೇಳಿದ್ದೇನೆ.

ಮರುದಿನ ಮಗಳ ಫೋನ್ ಇಸಿದುಕೊಂಡು ಆ ಟ್ರಂಪೆಟ್ಟನ್ನು ಹುಡುಕಿದೆ. ಹಾಡು ಸಿಕ್ಕಿತು. ವಿವರಗಳ ಪುಟ ತೆರೆದೆವು. ಕಲಾವಿದ ಎಂಬಲ್ಲಿ ಒಂದು ಹೂವಿನ ಹೆಸರು, ರಚನೆ ಎಂಬಲ್ಲಿ ಅದೇ ಹೂವು, ನಿರ್ಮಾಣ ಎಂಬಲ್ಲಿಯೂ ಅದೇ. ಅವಳು ಪರದೆಯನ್ನು ಮೇಲಕ್ಕೂ ಕೆಳಕ್ಕೂ ಎರಡು ಸಲ ಸರಿಸಿ ನೋಡಿದಳು. ಟ್ರಂಪೆಟ್ ಎಂಬ ಪದವೇ ಅಲ್ಲಿರಲಿಲ್ಲ.